ಗಂಡೋ ಹೆಣ್ಣೋ ತಿಳಿಯದ ಶಿಶು: ಅವಸರದ ತೀರ್ಪು ಬೇಡ

ಹುಟ್ಟಿದ ಮಗುವಿನ ಕಿವಿಯಲ್ಲಿ ಹೇಳುವ ಅಝಾನ್ ಗಂಡಿಗೂ ಹೆಣ್ಣಿಗೂ ಒಂದೇ. ಏಳನೆಯ ದಿನ ಅಕೀಕಾ ಬಂದಾಗ ಮಾತ್ರ ಕುರಿ ಒಂದೋ ಎರಡೋ, ಹೆಸರೇನು ಎಂಬ ಪ್ರಶ್ನೆ ಏಳುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ನೆಂಟರಿಷ್ಟರು ತುಂಬಿದ ಮನೆಯಲ್ಲಿ, ಮಗುವಿನ ಜನನಾಂಗ ನೋಡಿ ಗಂಡೋ ಹೆಣ್ಣೋ ತಿಳಿಯದೆ ಹೋದರೆ ತಾಯ್ತಂದೆಯರ ಪಾಡೇನು? ಏನಾದರೊಂದು ಹೇಳಿಬಿಡಿ ಎನ್ನುವವರು ಕೆಲವರು, ಆಪರೇಶನ್ ಮಾಡಿಸಿ ಮುಗಿಸಿಬಿಡಿ ಎನ್ನುವವರು ಕೆಲವರು.

ನಮ್ಮ ಕರ್ಮಶಾಸ್ತ್ರ ವಿದ್ವಾಂಸರಿಗೆ ಇದು ಹೊಸ ವಿಷಯವಲ್ಲ. ಇಂತಹ ಮಗುವನ್ನು ಅವರು 'ಖುನ್ಸಾ' ಎಂದರು. ಹನಫೀ ಗ್ರಂಥಗಳಾದ ಖುದೂರಿ, ಹಿದಾಯಾಗಳಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ಮೂತ್ರ ಯಾವ ದ್ವಾರದಿಂದ ಬರುತ್ತದೆ, ಎರಡರಿಂದಲೂ ಬಂದರೆ ಯಾವುದರಿಂದ ಮೊದಲು ಎಂದು ನೋಡಬೇಕು. ಎರಡರಿಂದ ಒಟ್ಟಿಗೆ ಬಂದರೆ? ಹೆಚ್ಚು ಬರುವ ಕಡೆ ನೋಡಿ ಎಂದರು ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್. ಗುರುಗಳಾದ ಇಮಾಮ್ ಅಬೂ ಹನೀಫಾ(ರ) ಆ ಪ್ರಮಾಣವನ್ನು ಪುರಾವೆಯೆಂದು ಒಪ್ಪಲಿಲ್ಲ. ಆಗ ಆ ಮಗು 'ಖುನ್ಸಾ ಮುಶ್ಕಿಲ್'. ಪ್ರಾಯಕ್ಕೆ ಬಂದು ಗಡ್ಡವೋ ಮುಟ್ಟೋ ಕಾಣಿಸುವವರೆಗೆ ಕಾಯಬೇಕು. ಹಾಗೆ ಕಾಯುವವರಿಗೂ ನಮಾಝಿನಲ್ಲಿ ಪುರುಷರ ಮತ್ತು ಸ್ತ್ರೀಯರ ಸಾಲುಗಳ ನಡುವೆ ಸ್ಥಾನವಿದೆ, ವಾರಸಿನಲ್ಲಿ ಲೆಕ್ಕವಿದೆ. ಇನ್ನೂ ತಿಳಿದಿಲ್ಲ ಎಂಬ ಸ್ಥಿತಿಯನ್ನೂ ಶರೀಅತ್ ಒಪ್ಪಿಕೊಂಡಿದೆ.

ಆದರೆ ಒಂದು ವಿಷಯದಲ್ಲಿ ಕಾಯಲೇಬಾರದು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುದೋಷದಿಂದ ಹೆಣ್ಣುಮಗುವಿನ ಹೊರ ಅಂಗ ಗಂಡಿನಂತೆ ಕಾಣಬಹುದು. ಒಳಗೆ ಗರ್ಭಕೋಶ, ಅಂಡಾಶಯ ಸರಿಯಾಗಿಯೇ ಇರುತ್ತವೆ. ಇಂತಹ ಹಲವು ಮಕ್ಕಳ ದೇಹ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೊದಲ 2-3 ವಾರಗಳಲ್ಲೇ ವಾಂತಿ, ನಿತ್ರಾಣ, ಹಾಲು ಕುಡಿಯದಿರುವುದು ಶುರುವಾಗಿ ಜೀವವೇ ಹೋಗಬಹುದು. ಆದ್ದರಿಂದ ತಡಮಾಡದೆ ಗದಗಿನ ಜಿಮ್ಸ್‌ಗೋ, ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಗೋ ಒಯ್ಯಿರಿ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ವರ್ಣತಂತು ಪರೀಕ್ಷೆ ಬೇಕು. ದೋಷ ಇದೇ ಆಗಿದ್ದರೆ ಜೀವನವಿಡೀ ಔಷಧಿ ತೆಗೆದುಕೊಂಡು ಆರೋಗ್ಯವಾಗಿರಬಹುದು. ತಾಯಿ ತಂದೆ ಇಬ್ಬರಲ್ಲೂ ಈ ದೋಷದ ಅಂಶ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸೋದರಸಂಬಂಧಿಗಳ ಮದುವೆ ಹೆಚ್ಚಾಗಿರುವ ಮನೆತನದವರು ಇದನ್ನು ಗಮನಿಸಬೇಕು.

ಇನ್ನು ಶಸ್ತ್ರಚಿಕಿತ್ಸೆ. ಮೂತ್ರ ಕಟ್ಟಿದರೆ ಮಾಡಿಸಲೇಬೇಕು. ಬರೀ ನೋಟಕ್ಕಾಗಿ ಎಳೆಯ ಅಂಗವನ್ನು ಕತ್ತರಿಸಿದರೆ ಸ್ಪರ್ಶಜ್ಞಾನ ಹೋಗಬಹುದು, ಗ್ರಂಥಿ ತೆಗೆದರೆ ಸಂತಾನಶಕ್ತಿಯೇ ಹೋಗಬಹುದು. ಹೆಣ್ಣೆಂದು ಮಾಡಿಸಿದ ಮಗು ಬೆಳೆದು, ನಾನು ಗಂಡು ಎಂದರೆ ಕತ್ತರಿಸಿದ್ದನ್ನು ಯಾರು ಕೊಡುತ್ತಾರೆ? 1989ರಲ್ಲಿ ಮಕ್ಕಾದಲ್ಲಿ ಸೇರಿದ ರಾಬಿತಾದ ಫಿಕ್ಹ್ ಸಭೆ ಇಂತಹ ಚಿಕಿತ್ಸೆಗೆ ಅನುಮತಿ ನೀಡಿದೆ, ನಿಜ. ಅನುಮತಿಯೆಂದರೆ ತೊಟ್ಟಿಲಲ್ಲೇ ಮುಗಿಸಬೇಕೆಂಬ ಆಜ್ಞೆಯಲ್ಲ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇಂತಹ ಶಿಶುಗಳ ಮೇಲಿನ ಲಿಂಗ ನಿರ್ಧಾರದ ಶಸ್ತ್ರಚಿಕಿತ್ಸೆ ತಡೆಯಲು ಸೂಚಿಸಿತು. ಅದೇ ವರ್ಷ ತಮಿಳುನಾಡು ಸರಕಾರ, ಜೀವಕ್ಕೆ ಅಪಾಯವಿರುವ ಸಂದರ್ಭ ಬಿಟ್ಟು, ಅದನ್ನು ನಿಷೇಧಿಸಿತು.

ಜನನ ನೋಂದಣಿ 21 ದಿನಗಳೊಳಗೆ ಆಗಬೇಕು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಕೀಕಾವನ್ನೂ 14ನೇ ಅಥವಾ 21ನೇ ದಿನಕ್ಕೆ ಇಟ್ಟುಕೊಳ್ಳಬಹುದು. ಹೆಸರು ಈಗಲೇ ಬೇಕೆಂದು ನಾನಿ ಹಟ ಹಿಡಿದರೆ ನೂರ್, ಶಮೀಮ್, ಫಿರ್ದೌಸ್ ಎಂದು ಗಂಡಿಗೂ ಹೆಣ್ಣಿಗೂ ಇಡುವ ಹೆಸರುಗಳು ನಮ್ಮಲ್ಲಿ ಬೇಕಾದಷ್ಟಿವೆ.