ಪೀಟರ್ಸ್‌ಬರ್ಗ್‌ನಿಂದ ಅಪೊಮ್ಯಾಟಕ್ಸ್‌ಗೆ: ಹಸಿದ ಸೈನ್ಯದ ಹಾದಿ ಹಿಡಿದು

ವರ್ಜೀನಿಯಾದಲ್ಲೋ ಮೇರಿಲ್ಯಾಂಡ್‌ನಲ್ಲೋ ಇರುವ ಮಕ್ಕಳ ಮನೆಗೆ ಹೋದ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಶ್ವೇತಭವನ, ನಯಾಗರ, ನ್ಯೂಯಾರ್ಕ್ ಮೂರೂ ಮೊದಲ ತಿಂಗಳಲ್ಲೇ ಮುಗಿದುಹೋಗುತ್ತವೆ. ಆಮೇಲೆ ಎಲ್ಲಿಗೆ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಹಾದಿ: ಪೀಟರ್ಸ್‌ಬರ್ಗ್ ಊರಿನಿಂದ ಅಪೊಮ್ಯಾಟಕ್ಸ್‌ವರೆಗಿನ ಸುಮಾರು ನೂರು ಮೈಲಿ. ಅಮೆರಿಕದ ಅಂತರ್ಯುದ್ಧದ ಕೊನೆಯ ದಂಡಯಾತ್ರೆ ನಡೆದದ್ದು ಇಲ್ಲೇ, 1865ರ ಮಾರ್ಚ್ 29ರಿಂದ ಏಪ್ರಿಲ್ 9ರವರೆಗೆ, ಹನ್ನೆರಡೇ ದಿನ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಮುಖ್ಯ ಸೈನ್ಯ, ಜನರಲ್ ರಾಬರ್ಟ್ ಲೀ ನಡೆಸುತ್ತಿದ್ದದ್ದು, ಈ ಹಾದಿಯಲ್ಲಿ ಹಸಿದು, ದಣಿದು, ಕರಗಿ, ಕೊನೆಗೆ ಉತ್ತರದ ಜನರಲ್ ಯುಲಿಸಿಸ್ ಗ್ರಾಂಟ್‌ಗೆ ಶರಣಾಯಿತು.

ಹೆಚ್ಚಿನವರು ನೇರವಾಗಿ ಅಪೊಮ್ಯಾಟಕ್ಸ್‌ಗೆ ಹೋಗಿ, ಶರಣಾಗತಿ ನಡೆದ ಮನೆ ನೋಡಿ, ಫೋಟೋ ತೆಗೆಸಿಕೊಂಡು ಮಧ್ಯಾಹ್ನಕ್ಕೆ ವಾಪಸಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೈನ್ಯ ನಡೆದ ಕ್ರಮದಲ್ಲೇ, ಪೂರ್ವದಿಂದ ಪಶ್ಚಿಮಕ್ಕೆ ಹೋಗಿ. ಆ ಮನೆಯಲ್ಲಿ ಏನಾಯಿತು ಎಂಬುದು ದಾರಿಯಲ್ಲಿ ಏನಾಯಿತು ಎಂಬುದನ್ನು ಕಂಡವರಿಗೆ ಮಾತ್ರ ಅರ್ಥವಾಗುತ್ತದೆ.

ಎರಡು ದಿನ ಇಟ್ಟುಕೊಳ್ಳಿ. ಕಾರು ಇಲ್ಲದೆ ಆಗದು, ಹಳ್ಳಿಯಿಂದ ಹಳ್ಳಿಗೆ ಬಸ್ಸಿಲ್ಲ. ವಾಷಿಂಗ್ಟನ್‌ನಿಂದ ಪೀಟರ್ಸ್‌ಬರ್ಗ್‌ಗೆ ಸುಮಾರು 130 ಮೈಲಿ. ಶನಿವಾರ ಬೆಳಿಗ್ಗೆ ಬೇಗ ಹೊರಟರೆ ಟ್ರಾಫಿಕ್ಕಿನ ಕಾಟ ಕಡಿಮೆ. ಏಪ್ರಿಲ್ ಅತ್ಯುತ್ತಮ ತಿಂಗಳು: ರಸ್ತೆಯ ಇಕ್ಕೆಲದಲ್ಲೂ ಬಿಳಿ ಡಾಗ್‌ವುಡ್ ಹೂ, ಮತ್ತು ಘಟನೆಗಳು ನಡೆದದ್ದೂ ಅದೇ ತಿಂಗಳಲ್ಲಿ. ಜುಲೈ, ಆಗಸ್ಟ್‌ನ ಸೆಕೆ ಮಂಗಳೂರಿನದನ್ನು ನೆನಪಿಸುತ್ತದೆ, ವಯಸ್ಸಾದವರನ್ನು ಆಗ ಕರೆದೊಯ್ಯಬೇಡಿ. ಹುಲ್ಲಿನಲ್ಲಿ ನಡೆಯುವಾಗ ಉದ್ದನೆಯ ಪ್ಯಾಂಟು, ಕಾಲುಚೀಲ ಇರಲಿ. ಇಲ್ಲಿಯ ಉಣುಗು ಕಚ್ಚಿದರೆ ಕಾಯಿಲೆ ಬರಬಹುದು. ಸಸ್ಯಾಹಾರಿಗಳು ಚಿತ್ರಾನ್ನವನ್ನೋ ಚಪಾತಿಯನ್ನೋ ಕಟ್ಟಿಕೊಂಡೇ ಹೊರಡಿ. ನಡುವಿನ ಹಳ್ಳಿಗಳಲ್ಲಿ ಪೆಟ್ರೋಲ್ ಬಂಕಿನ ಅಂಗಡಿ ಬಿಟ್ಟರೆ ಊಟದ ಅನುಕೂಲ ಕಡಿಮೆ.

ಮೊದಲ ನಿಲ್ದಾಣ ಪೀಟರ್ಸ್‌ಬರ್ಗ್ ಪಕ್ಕದ ಹೋಪ್‌ವೆಲ್ ಊರಿನ ಸಿಟಿ ಪಾಯಿಂಟ್. ಜೇಮ್ಸ್ ಮತ್ತು ಅಪೊಮ್ಯಾಟಕ್ಸ್ ನದಿಗಳು ಸೇರುವ ಜಾಗ. ಗ್ರಾಂಟ್ ವಾಸವಿದ್ದ ಮರದ ಗುಡಿಸಲು ಇಲ್ಲಿದೆ. ಅದನ್ನು ನೋಡಿ, ಆದರೆ ನದಿಯ ದಡಕ್ಕೆ ಬಂದು ಹೆಚ್ಚು ಹೊತ್ತು ನಿಲ್ಲಿ. ಈಗ ನಿಶ್ಶಬ್ದವಾಗಿರುವ ಈ ದಂಡೆ ಆಗ ದೊಡ್ಡ ಬಂದರು. ಹಡಗುಗಳಿಂದ ಇಳಿದ ಸಾಮಾನು ಸೈನ್ಯವೇ ಹಾಕಿದ ರೈಲು ಹಳಿಯ ಮೇಲೆ ನೇರ ಕಂದಕಗಳಿಗೆ ಹೋಗುತ್ತಿತ್ತು. ಇಲ್ಲಿಯ ಬೇಕರಿ ದಿನಕ್ಕೆ 1 ಲಕ್ಷ ಬ್ರೆಡ್ಡು ಸುಡುತ್ತಿತ್ತು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ರಾಂಟ್ ಈ ಊರಿಗೆ ಹಾಕಿದ ಒಂಬತ್ತೂವರೆ ತಿಂಗಳ ಮುತ್ತಿಗೆಯ ಕಂದಕಗಳು ಪೀಟರ್ಸ್‌ಬರ್ಗ್ ರಾಷ್ಟ್ರೀಯ ಯುದ್ಧಭೂಮಿಯಲ್ಲಿ ಇಂದಿಗೂ ಹಸಿರು ದಿಬ್ಬಗಳಾಗಿ ಉಳಿದಿವೆ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಕಾರ್ಮಿಕರಾಗಿದ್ದ ಸೈನಿಕರು 511 ಅಡಿ ಸುರಂಗ ಕೊರೆದು, ಶತ್ರುವಿನ ಕೋಟೆಯಡಿ 8,000 ಪೌಂಡ್ ಮದ್ದು ಸಿಡಿಸಿದ ‘ಕ್ರೇಟರ್’ ಎಂಬ ಹೊಂಡವನ್ನು ತಪ್ಪಿಸಬೇಡಿ. ಅಲ್ಲಿಂದ ನೈರುತ್ಯಕ್ಕೆ ಫೈವ್ ಫೋರ್ಕ್ಸ್. ಐದು ರಸ್ತೆಗಳು ಕೂಡುವ ಕಾಡಿನ ನಡುವಿನ ಕೂಡಲು, ಇಂದಿಗೂ ಅಷ್ಟೇ. ಲೀಗೆ ಉಳಿದಿದ್ದ ಕೊನೆಯ ರೈಲು ಮಾರ್ಗದ ಕಾವಲು ಈ ಕೂಡಲಿನಲ್ಲಿತ್ತು. ಏಪ್ರಿಲ್ 1ರಂದು ಗ್ರಾಂಟ್ ಕಡೆಯ ಜನರಲ್ ಶೆರಿಡನ್ ದಾಳಿ ಮಾಡಿದಾಗ ಇಲ್ಲಿಯ ಹೊಣೆ ಹೊತ್ತಿದ್ದ ಲೀ ಕಡೆಯ ಜನರಲ್ ಪಿಕೆಟ್, ಹಿಂದೆ ಒಂದು ಕಡೆ ಮೀನಿನ ಊಟಕ್ಕೆ ಹೋಗಿದ್ದರು. ಮರುದಿನ ಪೀಟರ್ಸ್‌ಬರ್ಗ್ ರಕ್ಷಣಾ ರೇಖೆ ಮುರಿಯಿತು, ಆ ರಾತ್ರಿ ದಕ್ಷಿಣದ ರಾಜಧಾನಿ ರಿಚ್ಮಂಡ್ ಕೈಬಿಟ್ಟಿತು.

ಲೀ ಸೈನ್ಯ ಹಿಮ್ಮೆಟ್ಟಿದಂತೆ ಇನ್ನು ನಮ್ಮ ಹಾದಿಯೂ ಪಶ್ಚಿಮಕ್ಕೆ. ಕಹಳೆಯ ಚಿತ್ರವಿರುವ ಫಲಕಗಳನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಜಿಪಿಎಸ್ ನಿಮ್ಮನ್ನು ಹೆದ್ದಾರಿಗೆ ಎಳೆಯುತ್ತಲೇ ಇರುತ್ತದೆ, ಕೇಳಬೇಡಿ.

ಅಮೀಲಿಯಾ ಕೋರ್ಟ್ ಹೌಸ್ ಸಣ್ಣ ಊರು. ನೋಡಲು ವಿಶೇಷವೇನಿಲ್ಲ ಎಂದು ಯಾರಾದರೂ ಹೇಳಿಯಾರು. ನನ್ನ ಮಟ್ಟಿಗೆ ಇಡೀ ಯಾತ್ರೆಯ ನಡುಗಂಬ ಇದೇ. ಏಪ್ರಿಲ್ 4ರಂದು ಲೀ ಇಲ್ಲಿಗೆ ಬಂದದ್ದು, ರೈಲಿನಲ್ಲಿ ದಿನಸಿ ಕಾದಿರುತ್ತದೆ ಎಂಬ ನಂಬಿಕೆಯಿಂದ. ಪೆಟ್ಟಿಗೆ ತೆರೆದರೆ ಮದ್ದುಗುಂಡು. ತಿನ್ನುವ ಪದಾರ್ಥ ಒಂದೂ ಇಲ್ಲ. ಸುತ್ತಲಿನ ರೈತರ ಮನೆಗಳಿಗೆ ಗಾಡಿ ಕಳಿಸಿದರು, ಹೆಚ್ಚಿನವು ಬರಿದಾಗಿ ತಿರುಗಿ ಬಂದವು. ನಾಲ್ಕು ವರ್ಷದ ಯುದ್ಧ ಆ ಕಣಜಗಳನ್ನೂ ಖಾಲಿ ಮಾಡಿತ್ತು. ಅಷ್ಟರಲ್ಲಿ ಒಂದು ದಿನ ಕಳೆಯಿತು. ಆ ಒಂದು ದಿನದಲ್ಲಿ ಶೆರಿಡನ್ನನ ಕುದುರೆ ಪಡೆ ಮುಂದಿನ ಜೆಟರ್ಸ್‌ವಿಲ್‌ನಲ್ಲಿ ರೈಲು ಹಾದಿಗೆ ಅಡ್ಡ ನಿಂತಿತು. ಡ್ಯಾನ್‌ವಿಲ್ ಮೂಲಕ ದಕ್ಷಿಣಕ್ಕಿಳಿದು ಉತ್ತರ ಕ್ಯಾರೊಲಿನಾದಲ್ಲಿದ್ದ ದಕ್ಷಿಣದ ಇನ್ನೊಬ್ಬ ಜನರಲ್ ಜಾನ್‌ಸ್ಟನ್ ಸೈನ್ಯವನ್ನು ಕೂಡಿಕೊಳ್ಳುವ ಲೀ ಯೋಜನೆ ಅಲ್ಲಿಗೆ ನಿಂತಿತು. ಊರಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚುವಾಗ ಬೆಳಿಗ್ಗೆ ಕೇಳಿದ ಆ 1 ಲಕ್ಷ ಬ್ರೆಡ್ಡಿನ ಲೆಕ್ಕ ನೆನಪಿಗೆ ಬರದೆ ಇರದು.

ಸಂಜೆಗೆ ಸೇಲರ್ಸ್ ಕ್ರೀಕ್ ತಲುಪಿ. ಏಪ್ರಿಲ್ 6ರಂದು ಈ ಹಳ್ಳದ ದಂಡೆಯಲ್ಲಿ ಲೀ ಒಂದೇ ದಿನ ಕಳೆದುಕೊಂಡದ್ದು ಸುಮಾರು 7,700 ಜನರನ್ನು. ಬಹುಪಾಲು ಸೆರೆಯಾದವರು, ಅವರಲ್ಲಿ ಎಂಟು ಜನರಲ್‌ಗಳು, ಅವರಲ್ಲೊಬ್ಬ ಲೀ ಅವರ ಮಗ. ದಿಬ್ಬದ ಮೇಲಿನ ಹಿಲ್ಸ್‌ಮನ್ ಮನೆ ಅಂದು ಗಾಯಾಳುಗಳ ಆಸ್ಪತ್ರೆ. ನೆಲದ ಹಲಗೆಗಳಲ್ಲಿ ರಕ್ತದ ಕಲೆ ಇನ್ನೂ ಉಳಿದಿದೆ. ನಾನು ಕಂಡಾಗ ಅದು ಕೆಂಪಾಗಿರಲಿಲ್ಲ. ಹಳೆಯ ಮನೆಯ ತೊಟ್ಟಿಯಲ್ಲಿ ಎಣ್ಣೆ ಚೆಲ್ಲಿ ಹೀರಿಕೊಂಡ ಕಪ್ಪಿನಂತಿತ್ತು. ಮನೆಯ ಒಳಗೆ ಸದಾ ಬಿಡುವುದಿಲ್ಲ, ಪಾರ್ಕಿಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ರಾತ್ರಿ ಫಾರ್ಮ್‌ವಿಲ್‌ನಲ್ಲಿ ಉಳಿಯಿರಿ. ಕಾಲೇಜು ಊರು, ಹೋಟೆಲ್ ಸಿಗುತ್ತದೆ. ಬೆಳಿಗ್ಗೆ ಹೈ ಬ್ರಿಜ್‌ಗೆ ಹೋಗಿ: ಸುಮಾರು 2,400 ಅಡಿ ಉದ್ದ, 125 ಅಡಿ ಎತ್ತರದ ಹಳೆಯ ರೈಲು ಸೇತುವೆ, ಈಗ ನಡೆಯುವವರ ಮತ್ತು ಸೈಕಲ್ಲಿನವರ ಹಾದಿ. ಯುದ್ಧಕಾಲದ ಇಟ್ಟಿಗೆಯ ಕಂಬಗಳು ಪಕ್ಕದಲ್ಲೇ ನಿಂತಿವೆ. ಲೀ ಸೈನಿಕರಿಗೆ ಫಾರ್ಮ್‌ವಿಲ್‌ನಲ್ಲಿ ಕೊನೆಗೂ ರೈಲಿನಿಂದ ಪಡಿ ಸಿಕ್ಕಿತು. ಆದರೆ ಹಿಂಬಾಲಿಸಿದ ಗ್ರಾಂಟ್ ಪಡೆಯವರು ಅಪೊಮ್ಯಾಟಕ್ಸ್ ನದಿ ದಾಟಿದರು. ಅಡುಗೆ ಮುಗಿಯುವ ಮೊದಲೇ ಎದ್ದು ಓಡಬೇಕಾಯಿತು.

ಫಾರ್ಮ್‌ವಿಲ್ ಬಿಡುವ ಮುನ್ನ ಮೋಟನ್ ಮ್ಯೂಸಿಯಮ್ಮಿಗೆ ಹೋಗಲೇಬೇಕು. ಲೀ ಹಿಮ್ಮೆಟ್ಟಿದ ಹಾದಿಯ ಪಟ್ಟಿಯಲ್ಲಿ ಇದನ್ನು ಹುಡುಕಬೇಡಿ, ಇದು ನನ್ನ ಸೇರ್ಪಡೆ. 180 ಮಕ್ಕಳಿಗೆಂದು ಕಟ್ಟಿದ, ಕಪ್ಪು ಮಕ್ಕಳ ಈ ಪ್ರೌಢಶಾಲೆಯಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಸಾಲದ್ದಕ್ಕೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಎಂಬ ಹುಡುಗಿ ಸಹಪಾಠಿಗಳನ್ನು ತರಗತಿಯಿಂದ ಹೊರಗೆ ಕರೆತಂದಳು. ಅವರ ಮೊಕದ್ದಮೆ, ಶಾಲೆಗಳಲ್ಲಿ ಬಣ್ಣಭೇದ ಸಲ್ಲದು ಎಂಬ 1954ರ ಸುಪ್ರೀಂ ಕೋರ್ಟ್ ತೀರ್ಪಿನ ಭಾಗವಾಯಿತು. ತೀರ್ಪು ಪಾಲಿಸುವ ಬದಲು ಈ ಕೌಂಟಿ 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿತು. ಶರಣಾಗತಿಯಾಗಿ 94 ವರ್ಷದ ಮೇಲೆ, ಅದೇ ಹಾದಿಯ ಮೇಲೆ. ತೆರೆದಿರುವ ದಿನ, ವೇಳೆ ವಿಚಾರಿಸಿಕೊಂಡೇ ನಿಮ್ಮ ವಾರಾಂತ್ಯ ಗೊತ್ತುಮಾಡಿ.

ಮಧ್ಯಾಹ್ನ ಅಪೊಮ್ಯಾಟಕ್ಸ್ ಕೋರ್ಟ್ ಹೌಸ್. ಇದು ನ್ಯಾಯಾಲಯದ ಹೆಸರಲ್ಲ, ಊರಿನ ಹೆಸರು. ಈಗಿನ ಅಪೊಮ್ಯಾಟಕ್ಸ್ ಪಟ್ಟಣ ಬೇರೆ, ಹಳೆಯ ಊರಿನ ಪಾರ್ಕ್ ಬೇರೆ. ಶರಣಾಗತಿ ನಡೆದದ್ದು ವಿಲ್ಮರ್ ಮೆಕ್ಲೀನ್ ಎಂಬುವರ ಮನೆಯ ಮುಂಗೋಣೆಯಲ್ಲಿ, ಏಪ್ರಿಲ್ 9ರ ಭಾನುವಾರ, ಸುಮಾರು ಒಂದೂವರೆ ಗಂಟೆ ಕಾಲ. ಶರಣಾಗತಿ ಷರತ್ತುಗಳ ಶುದ್ಧ ಪ್ರತಿ ಬರೆದವರು ಗ್ರಾಂಟ್ ಅಧಿಕಾರಿ ಈಲಿ ಪಾರ್ಕರ್, ಸೆನೆಕಾ ಮೂಲನಿವಾಸಿ. ಸೈನಿಕರು ಮನೆಗೆ ಹೋಗಬಹುದು, ತಮ್ಮದೇ ಕುದುರೆ ಇದ್ದವರು ಬೇಸಾಯಕ್ಕೆಂದು ಒಯ್ಯಬಹುದು ಎಂದಾಯಿತು. ತನ್ನವರಿಗೆ ಉಣ್ಣಲು ಏನೂ ಇಲ್ಲ ಎಂದು ಲೀ ಹೇಳಿದಾಗ ಗ್ರಾಂಟ್ 25,000 ಜನರ ಪಡಿ ಕಳಿಸಿದರು. ಪಕ್ಕದ ಕ್ಲೋವರ್ ಹಿಲ್ ತಂಗುಮನೆಯಲ್ಲಿ ಮುದ್ರಣಯಂತ್ರ ಇಟ್ಟು 28,000ಕ್ಕೂ ಹೆಚ್ಚು ಜನರ ಬಿಡುಗಡೆ ಚೀಟಿ ಅಚ್ಚು ಹಾಕಿದರು.

ನೀವು ನೋಡುವ ಮೆಕ್ಲೀನ್ ಮನೆ ಮತ್ತೆ ಕಟ್ಟಿದ್ದು. ವಾಷಿಂಗ್ಟನ್‌ಗೆ ಸಾಗಿಸುತ್ತೇವೆಂದು 1893ರಲ್ಲಿ ಬಿಚ್ಚಿದವರು ಸಾಗಿಸಲೇ ಇಲ್ಲ. ಗ್ರಾಂಟ್ ಬರೆದ ಮೇಜು, ಇಬ್ಬರೂ ಕೂತ ಕುರ್ಚಿಗಳು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿವೆ. ಆ ಕೋಣೆಯಿಂದ ಅಧಿಕಾರಿಯೊಬ್ಬ ಎತ್ತಿಕೊಂಡು ಹೋದ ಪುಟ್ಟ ಲೂಲಾ ಮೆಕ್ಲೀನಳ ಬಟ್ಟೆಬೊಂಬೆ ಮಾತ್ರ ಮರಳಿ ಈ ಪಾರ್ಕಿಗೇ ಬಂದಿದೆ. ಮನೆಯ ಹಿಂದಿನ ಅಡುಗೆಕೋಣೆ, ಗುಲಾಮರ ಬಿಡಾರಗಳನ್ನು ನೋಡದೆ ಬರಬೇಡಿ. ಈ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರಾಗಿದ್ದವರು.

ರ‍್ಯಾಲಿ ಪಟ್ಟಣದ ಕಡೆ ಇರುವವರು ಇನ್ನೊಂದು ದಿನ ಉತ್ತರ ಕ್ಯಾರೊಲಿನಾದ ಡರ್ಹಮ್‌ನ ಬೆನೆಟ್ ಪ್ಲೇಸ್ ನೋಡಬಹುದು. ಲೀ ಕೂಡಿಕೊಳ್ಳಲು ಹೊರಟಿದ್ದ ಜಾನ್‌ಸ್ಟನ್ ಶರಣಾದದ್ದು ಅಲ್ಲಿ, ಏಪ್ರಿಲ್ 26ಕ್ಕೆ.

ಅಪೊಮ್ಯಾಟಕ್ಸ್ ಬಿಡುವ ಮೊದಲು ರೇಂಜರ್ ಹತ್ತಿರ ಹ್ಯಾನಾ ರೆನಾಲ್ಡ್ಸ್ ಬಗ್ಗೆ ಕೇಳಿ. ಕೋಲ್‌ಮನ್ ಎಂಬುವರ ಮನೆಯ ಗುಲಾಮ ಹೆಂಗಸು. ಏಪ್ರಿಲ್ 9ರ ಬೆಳಗಿನ ಕಾಳಗದಲ್ಲಿ ಫಿರಂಗಿ ಗುಂಡು ಮನೆಯ ಗೋಡೆ ತೂರಿ ಬಂದು ಆಕೆಗೆ ಬಡಿಯಿತು. ಗುಲಾಮಳಾಗಿಯೇ ಸತ್ತಳೆಂದು ಬಹುಕಾಲ ನಂಬಲಾಗಿತ್ತು. ದಾಖಲೆ ಹುಡುಕಿದಾಗ ಗೊತ್ತಾದದ್ದು, ಆಕೆ ಮೂರು ದಿನ ಬದುಕಿದ್ದಳು. ಲೀ ಸೈನಿಕರು ಬಂದೂಕು ಕೆಳಗಿಟ್ಟ ಏಪ್ರಿಲ್ 12ರಂದು, ಸ್ವತಂತ್ರಳಾಗಿ ತೀರಿಕೊಂಡಳು.