ಮಕ್ಕಳ ಕಣ್ಣಿನ ತಪಾಸಣೆ: ಕೇಳಿ ಪಡೆಯಬೇಕಾದ ಹಕ್ಕು

1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 29 ವಾರಕ್ಕೇ ಹೆಣ್ಣುಮಗುವೊಂದು ಹುಟ್ಟಿತು. ತೂಕ 1,250 ಗ್ರಾಂ. ಕೆಲವು ವಾರ ನಿಗಾದಲ್ಲಿಟ್ಟು, ಜೀವ ಉಳಿಸಿ ಮನೆಗೆ ಕಳಿಸಿದರು. ಕಣ್ಣು ತೋರಿಸಿ ಎಂದು ಯಾರೂ ಹೇಳಲಿಲ್ಲ. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಮಗುವಿನ ದೃಷ್ಟಿ ಹೋಗಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2015ರ ಜುಲೈ 1ರಂದು ಸುಪ್ರೀಂ ಕೋರ್ಟ್ ಅದನ್ನು ಸುಮಾರು 1.8 ಕೋಟಿಗೆ ಏರಿಸಿತು. ಅಷ್ಟರಲ್ಲಿ ಆ ಮಗುವಿಗೆ ಹದಿನೆಂಟು ತುಂಬಿತ್ತು.

ಕಣ್ಣಿನ ತಪಾಸಣೆ ಮಾಡಿಸಲಿಲ್ಲ, ಅಪಾಯವಿದೆ ಎಂದು ಹೆತ್ತವರಿಗೆ ತಿಳಿಸಲಿಲ್ಲ. ನಿರ್ಲಕ್ಷ್ಯ ಎನ್ನಲು ನ್ಯಾಯಾಲಯಕ್ಕೆ ಇಷ್ಟು ಸಾಕಾಯಿತು. ದಿನ ತುಂಬದ ಮಗು ಇರುವ ಪ್ರತಿ ಮನೆಯವರೂ ಈ ತೀರ್ಪನ್ನು ತಿಳಿದಿರಬೇಕು. ಇಂಥ ಮಕ್ಕಳ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಪಟಲವನ್ನೇ ಕಿತ್ತುಬಿಡಬಲ್ಲವು. ವೈದ್ಯರು ಇದನ್ನು ಆರ್‌ಒಪಿ ಎನ್ನುತ್ತಾರೆ. ಸಮಯಕ್ಕೆ ಕಂಡುಹಿಡಿದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ತಡೆಯಬಹುದು. ಹೊರಗಿನಿಂದ ನೋಡಿದರೆ ಮಾತ್ರ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ತಾಯಿಗೂ ಸುಳಿವು ಸಿಗುವುದಿಲ್ಲ.

ಆದ್ದರಿಂದ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಒಂದು ತಿಂಗಳೊಳಗೆ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ತೀರಾ ಮುಂಚೆ ಹುಟ್ಟಿದ ಮಗುವಿಗೆ ಎರಡು-ಮೂರು ವಾರದಲ್ಲೇ. ಡಿಸ್ಚಾರ್ಜ್ ದಿನ ನರ್ಸ್ ಕೈಯಿಂದ ಕಾಗದ ತೆಗೆದುಕೊಳ್ಳುವಾಗಲೇ ಕೇಳಿ: 'ಆರ್‌ಒಪಿ ಪರೀಕ್ಷೆ ಆಗಿದೆಯೇ? ಇಲ್ಲದಿದ್ದರೆ ಯಾವ ದಿನ, ಎಲ್ಲಿ?' ಉತ್ತರವನ್ನು ಡಿಸ್ಚಾರ್ಜ್ ಸಮರಿಯಲ್ಲಿ ಬರೆಸಿಕೊಳ್ಳಿ. ಹೀಗೆ ಕೇಳಿದರೆ ಡಾಕ್ಟರು ಬೇಸರಿಸಿಕೊಂಡಾರು ಎಂಬ ಸಂಕೋಚ ಬೇಡ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಕಾರ್ಯಕ್ರಮದಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಎಳೆಗೂಸುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ದೂರದೂರಿನ ಮಗುವಿಗೆ ಈ ಪರೀಕ್ಷೆ ಆಗದ ಮಾತು ಎನ್ನುವ ಕಾಲ ಹೋಯಿತು.

ಬೆಳೆದ ಮಕ್ಕಳಿಗೂ ಹಕ್ಕಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಬರಬೇಕು. ಹುಟ್ಟಿನಿಂದ ಬಂದ ಕಣ್ಣಿನ ಪೊರೆ, ದೃಷ್ಟಿದೋಷ, ವಿಟಮಿನ್ 'ಎ' ಕೊರತೆ ಎಲ್ಲವೂ ತಂಡದ ಪಟ್ಟಿಯಲ್ಲಿವೆ. ಮುಂದಿನ ಚಿಕಿತ್ಸೆ ಉಚಿತ. ಬಡ ಮಕ್ಕಳಿಗೆ ಕನ್ನಡಕವನ್ನು ಅಂಧತ್ವ ನಿಯಂತ್ರಣ ಕಾರ್ಯಕ್ರಮ ಉಚಿತವಾಗಿ ಕೊಡುತ್ತದೆ. ಅನುದಾನವಿಲ್ಲದ ಖಾಸಗಿ ಶಾಲೆಗಳು ಈ ತಂಡದ ವ್ಯಾಪ್ತಿಯಲ್ಲಿಲ್ಲ, ಆ ಮಕ್ಕಳನ್ನು ಹೆತ್ತವರೇ ಕರೆದೊಯ್ಯಬೇಕು. ಮೆಳ್ಳೆಗಣ್ಣು ಅದೃಷ್ಟವೆಂದೋ, ದೊಡ್ಡವನಾದರೆ ತಾನೇ ಸರಿಹೋಗುತ್ತದೆಂದೋ ಕಾಯುವ ಮನೆಗಳು ಇನ್ನೂ ಇವೆ. ಏಳೆಂಟು ವರ್ಷ ದಾಟಿದ ಮೇಲೆ ಮಂಕಾದ ಕಣ್ಣನ್ನು ಪಳಗಿಸುವುದು ಬಲು ಕಷ್ಟ.

ತಂಡ ಬರಲೇ ಇಲ್ಲವೇ? ಬಂದು ಹೆಸರು ಬರೆದುಕೊಂಡು ಹೋದರೂ ಕನ್ನಡಕ ಬರಲಿಲ್ಲವೇ? ಮುಖ್ಯ ಶಿಕ್ಷಕರಿಗೆ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಎತ್ತಿಸಿ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಈ ವರ್ಷ ನಮ್ಮ ಶಾಲೆಗೆ ತಂಡ ಬಂದ ದಿನಾಂಕ ಯಾವುದು, ದೃಷ್ಟಿದೋಷ ಕಂಡ ಮಕ್ಕಳೆಷ್ಟು, ಎಷ್ಟು ಮಂದಿಗೆ ಯಾವಾಗ ಕನ್ನಡಕ ಕೊಟ್ಟಿರಿ? ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ದಿನಾಂಕ ಕೇಳುವ ಇಂಥ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಸುಲಭವಲ್ಲ.

ಚಿಕಿತ್ಸೆ, ಕನ್ನಡಕದ ನಂತರವೂ ದೃಷ್ಟಿ ಮಂದವಾಗಿಯೇ ಉಳಿದರೆ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ನೆರವಿಗೆ ಬರುತ್ತದೆ. ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ವರ್ಷಕ್ಕೊಮ್ಮೆ ಎಲ್ಲ ಮಕ್ಕಳ ತಪಾಸಣೆ ನಡೆಸುವ ಹೊಣೆಯನ್ನು ಅದರ 25ನೇ ಸೆಕ್ಷನ್ ಸರ್ಕಾರಕ್ಕೆ ವಹಿಸಿದೆ. ವೈಕಲ್ಯ ಶೇ. 40ಕ್ಕೆ ಕಡಿಮೆಯಿಲ್ಲ ಎಂಬ ಪ್ರಮಾಣಪತ್ರ ಸಿಕ್ಕರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ. ಪುಸ್ತಕ, ಸಾಧನಗಳೂ ಉಚಿತ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ ನೀಡುವಂಥ ಬದಲಾವಣೆಗಳನ್ನು 17ನೇ ಸೆಕ್ಷನ್ ಹೇಳುತ್ತದೆ. ಶಾಲೆ ಒಪ್ಪದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ. ಹತ್ತನೇ ತರಗತಿಯ ಪರೀಕ್ಷೆ ಬಾಗಿಲಿಗೆ ಬಂದಾಗ ಓಡಾಡುವ ಬದಲು ಎಂಟನೆಯಲ್ಲೇ ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಚಿಕಿತ್ಸೆಯಲ್ಲೇ ತಪ್ಪಾಗಿದೆ ಎನಿಸಿದರೆ ಮೊದಲು ಕೇಸ್ ಶೀಟ್ ಕೇಳಿ. ವೈದ್ಯಕೀಯ ನಿಯಮದಂತೆ 72 ಗಂಟೆಯಲ್ಲಿ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಇಟ್ಟಿರಬೇಕಾದ ಅವಧಿ ಮೂರೇ ವರ್ಷ, ತಡಮಾಡಬೇಡಿ. ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು; ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆಗೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂದು 1995ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ. ಅಂಥ ಪ್ರಕರಣದಲ್ಲಿ ಸಿವಿಲ್ ದಾವೆ ಅಥವಾ ಹೈಕೋರ್ಟಿನ ರಿಟ್ ಅರ್ಜಿಯ ಹಾದಿ ಉಳಿದೇ ಇದೆ.

ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಕ್ಕಳಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಡಿಸ್ಚಾರ್ಜ್ ಸಮರಿ, ಕಣ್ಣಿನ ಚೀಟಿ, ಅರ್ಜಿಗಳ ಸ್ವೀಕೃತಿ ಜೋಡಿಸಿಕೊಂಡು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.