ಇಂದಿನ ಧಮ್ಮ ಚಿಂತನ: ಸೆರೆಸಿಕ್ಕ ಶತ್ರು





ನಮ್ಮ ಬೆಳಗಾವಿ, ಖಾನಾಪುರದ ಓಣಿಗಳ ಹುಡುಗರು ಮಿಲಿಟರಿ ಭರ್ತಿಗೆಂದು ನಸುಕಿನಲ್ಲೇ ಎದ್ದು ಓಡುತ್ತಾರೆ. ಪಂಚಶೀಲದ ಮೊದಲ ಶೀಲ ಸ್ವೀಕರಿಸಿದವನು ಬಂದೂಕು ಹಿಡಿಯಬಹುದೇ? ಆ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು 1941ರ ಅಕ್ಟೋಬರ್‌ನಲ್ಲಿ, ಇದೇ ಬೆಳಗಾವಿಯಲ್ಲಿ. ಅಂಥ ರೆಜಿಮೆಂಟ್ ಬೇಕೆಂದು ಸರ್ಕಾರದ ಮುಂದೆ ಪಟ್ಟು ಹಿಡಿದವರು ಬಾಬಾಸಾಹೇಬರು.

ಅದೇ ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಹಿಂಸೆಯನ್ನು ತತ್ವವೆಂದು ಕರೆದರು, ನಿಯಮವೆಂದಲ್ಲ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ಹೇಳಿದರು. ಅಗತ್ಯ ಎಂಬ ಮಾತನ್ನು ಸಡಿಲವಾಗಿ ಬಳಸಬಾರದು. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಹೂಡಲು ಶಾಕ್ಯರ ಸೇನಾಪತಿ ಹೊರಟಾಗ ಸಿದ್ಧಾರ್ಥರು ಕೇಳಿದ್ದು, ಇಬ್ಬರು ನಮ್ಮವರು, ಇಬ್ಬರು ಅವರವರು, ಆ ನಾಲ್ವರು ಆರಿಸಿದ ಐದನೆಯವನು ಕೂತು ಜಗಳ ಬಿಡಿಸಲಿ ಎಂದು. ಸಂಘದ ಮತದಲ್ಲಿ ಅವರು ಸೋತರು. ಕೊನೆಗೆ ಮನೆ ಬಿಟ್ಟರು, ಯುದ್ಧಕ್ಕೆ ಹೋಗಲಿಲ್ಲ.

ಅಗತ್ಯ ಎಲ್ಲಿಗೆ ಮುಗಿಯುತ್ತದೆ? ಎದುರಿನವನು ಆಯುಧ ಕೆಳಗಿಟ್ಟಾಗ. ಆಮೇಲೂ ಕೊಂದರೆ ಉಳಿದದ್ದು ಇಚ್ಛೆ ಮಾತ್ರ.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಸಹಾಯಕರಾದ ವಾಲ್ಟರ್ ಎಲಿಯಟ್, ಸ್ಟೀವನ್ಸನ್ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸಿಕ್ಕರು. ವಾರಗಟ್ಟಲೆ ಸೆರೆಯಲ್ಲಿದ್ದು ಜೀವಂತ ಹೊರಬಂದರು. ಅವರನ್ನು ಇಟ್ಟುಕೊಂಡದ್ದರಲ್ಲಿ ಸಂಧಾನದ ಲೆಕ್ಕಾಚಾರವೂ ಇತ್ತು ಎನ್ನಬೇಕು. ಇಂದಿನ ಕಾನೂನು ಒತ್ತೆಯಾಳು ಹಿಡಿಯುವುದನ್ನು ಒಪ್ಪುವುದಿಲ್ಲ. ಆದರೂ ಅವರ ಪ್ರಾಣ ಉಳಿಯಿತು. ಈ ಎಲಿಯಟ್ ಯಾರು ಗೊತ್ತೇ? 1845ರಲ್ಲಿ ಅಮರಾವತಿಯ ಮಹಾಸ್ತೂಪವನ್ನು ಅಗೆಸಿ ನಮ್ಮ ಶಿಲ್ಪಗಳನ್ನು ಮಣ್ಣಿನಿಂದ ಹೊರತೆಗೆದವನು ಇವನೇ. ಅವುಗಳಲ್ಲಿ ಎಷ್ಟೋ ಈಗ ಲಂಡನ್ನಿನಲ್ಲಿವೆ. ಆ ಮಾತು ಇನ್ನೊಂದು ದಿನಕ್ಕಿರಲಿ.

ಇನ್ನೊಂದು ಕಡೆ ನೋಡಿ. ಖಾನಾಪುರ ದಾಟಿದರೆ ನಂದಗಡ. ಮೋಸದಿಂದ ಹಿಡಿದ ಸಂಗೊಳ್ಳಿ ರಾಯಣ್ಣನನ್ನು ಕಂಪನಿಯವರು 1831ರ ಜನವರಿ 26ರಂದು ಅಲ್ಲಿ ಗಲ್ಲಿಗೇರಿಸಿದರು. ಅವರ ಕಡತದಲ್ಲಿ ಅವನು ಯೋಧನಲ್ಲ, ದಂಗೆಕೋರ. ಹಿಡಿದವರು ಇಟ್ಟ ಹೆಸರೇ ಸೆರೆಯಾಳಿನ ಹಣೆಬರಹ ಬರೆಯುತ್ತಿತ್ತು. ಹೆಸರಿಡುವ ಈ ಅಧಿಕಾರ ಎಂಥದ್ದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

1949ರ ನಾಲ್ಕು ಜಿನೀವಾ ಒಪ್ಪಂದಗಳು ಕೈಹಾಕಿದ್ದು ಇಲ್ಲಿಗೇ. ನಾಲ್ಕರಲ್ಲೂ ಒಂದೇ ರೀತಿ ಇರುವ 3ನೇ ವಿಧಿ ದೇಶದೊಳಗಿನ ಸಶಸ್ತ್ರ ಸಂಘರ್ಷಕ್ಕೂ ಅನ್ವಯಿಸುತ್ತದೆ. ಆಯುಧ ಕೆಳಗಿಟ್ಟವನನ್ನು, ಗಾಯಗೊಂಡವನನ್ನು, ಸೆರೆಯಾದವನನ್ನು ಹಿಂಸಿಸುವಂತಿಲ್ಲ, ಅವಮಾನಿಸುವಂತಿಲ್ಲ, ಸರಿಯಾದ ನ್ಯಾಯಾಲಯದ ತೀರ್ಪಿಲ್ಲದೆ ಕೊಲ್ಲುವಂತಿಲ್ಲ. ಭಾರತ 1950ರಲ್ಲೇ ಇವನ್ನು ಒಪ್ಪಿತು, 1960ರಲ್ಲಿ ಇದಕ್ಕಾಗಿ ಕಾಯ್ದೆಯನ್ನೂ ಮಾಡಿತು.

ಭಾನುವಾರದ ಓದಿಗೆ ರೋಹಿಣಿ ಪ್ರಸಂಗವನ್ನೇ ಇಟ್ಟುಕೊಳ್ಳೋಣ. ಸೈನ್ಯದಿಂದ ನಿವೃತ್ತರಾದ ಅಣ್ಣಂದಿರು ತಪ್ಪದೆ ಬನ್ನಿ. ಸೆರೆಯಾಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ತರಬೇತಿಯಲ್ಲಿ ನಿಮಗೆ ಏನು ಕಲಿಸಿದರು ಎಂಬುದನ್ನು ಭರ್ತಿಗೆ ಹೊರಟ ಹುಡುಗರು ನಿಮ್ಮ ಬಾಯಿಂದಲೇ ಕೇಳಲಿ.

ಜೈಭೀಮ್. ನಮೋ ಬುದ್ಧಾಯ.